ಯೋಬನ ಮೊದಲ ಹತ್ತು ಮಕ್ಕಳು

ಈ ಕಥೆಯನ್ನು ಮೊದಲು ಹೇಳಿದವರು ಕೋಟು ಹೊಲಿಯುವ ದರ್ಜಿಯ ಹೆಂಡತಿ. ಹೇಳಿದ್ದು ಚರ್ಚಿನ ಹಿಂದಿನ ಕೋಣೆಯಲ್ಲಿ, ಸಂಡೇ ಸ್ಕೂಲಿನ ಮಕ್ಕಳಿಗೆ, ಚಳಿ ಬಿಟ್ಟು ಕಿಟಕಿಗಳನ್ನು ಮೊದಲ ಸಲ ತೆರೆದ ಭಾನುವಾರ. ಆ ಕೋಣೆಯಲ್ಲಿ ವರ್ಷಗಟ್ಟಲೆ ಬೈಬಲಿನ ಕಥೆ ಹೇಳುತ್ತ ಬಂದವರು ಅವರ ಗಂಡ. ಉಣ್ಣೆಬಟ್ಟೆ ಹೊದಿಸಿದ ಹಲಗೆಯ ಮೇಲೆ ಬಟ್ಟೆಯ ಬೊಂಬೆಗಳನ್ನು ಅಂಟಿಸಿ, ಕಿತ್ತು, ಮತ್ತೆ ಅಂಟಿಸಿ ಹೇಳುವುದು ಅವರ ಪದ್ಧತಿ. ಅಂದು ಅವರಿಗೆ ಗಂಟಲು ಕಟ್ಟಿ ಸ್ವರವೇ ಹೊರಡುತ್ತಿರಲಿಲ್ಲ. ಹೆಂಡತಿ ಕೈಚೀಲದಿಂದ ಒಂದು ಕಟ್ಟು ಪತ್ರ ತೆಗೆದು, "ಇವತ್ತು ನಾನು ಓದ್ತೀನಿ, ಕೇಳಿ. ಮಗಳನ್ನ ಕೇಳಿದ್ದೀನಿ, ನಾವು ಅವಳಿಗೆ ಬರೆದವನ್ನೂ ಕೊಟ್ಟು ಓದು ಅಂದಿದ್ದಾಳೆ. ಇವರನ್ನ ಕೇಳಿಲ್ಲ. ಬೇಡ ಅನ್ನೋಕೆ ಇವರಿಗೆ ಇವತ್ತು ಗಂಟಲೂ ಇಲ್ಲ," ಎಂದರು. ದರ್ಜಿ ಮೂಲೆಯ ಬೆಂಚಿನಲ್ಲಿ ಕೊರಳಿಗೆ ಬಟ್ಟೆ ಸುತ್ತಿಕೊಂಡು, ತಲೆ ತಗ್ಗಿಸಿ ಕೂತರು. ಓದಿದ ಪತ್ರಗಳು ಇವು.

ಫೆಬ್ರವರಿ ೧೧

ಕರ್ತನಲ್ಲಿ ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದಗಳು. ಮಗುವನ್ನು ಮಣ್ಣು ಮಾಡಿ ಊರಿಗೆ ಮರಳಿದ ಮೇಲೆ ಬರೆಯೋಣವೆಂದು ಎಷ್ಟೋ ಸಲ ಕೂತೆ, ಕೈ ಓಡಲಿಲ್ಲ. ನಿನ್ನಮ್ಮ ಅಡುಗೆ ಮಾಡುತ್ತಾಳೆ, ಮಾಡಿದ್ದು ಹಾಗೇ ಉಳಿಯುತ್ತದೆ. ಮಗುವಿಗೆಂದು ಕತ್ತರಿಸಿದ್ದ ಹಳದಿ ಕೋಟಿಗೆ ಗುಂಡಿ ಹಾಕುವುದೊಂದು ಬಾಕಿ ಇತ್ತು. ಅಂಗಡಿಯ ಮೊಳೆಗೆ ತೂಗುಹಾಕಿದ್ದೇನೆ. ಬಂದ ಗಿರಾಕಿಗಳು ಅದನ್ನು ನೋಡಿ ಬೇರೆ ಮಾತು ತೆಗೆಯುತ್ತಾರೆ.

ಅಳಬೇಡ ಎನ್ನಲಾರೆ ಮಗಳೇ. ಆದರೆ ಯೋಬನನ್ನು ನೆನೆಸಿಕೋ. ಒಂದೇ ದಿನದಲ್ಲಿ ದನ, ಕುರಿ, ಒಂಟೆಗಳೆಲ್ಲ ಹೋದವು. ಗಾಳಿಗೆ ಮನೆ ಕುಸಿದು ಹತ್ತು ಮಕ್ಕಳೂ ಹೋದರು. ಆದರೂ ಅವನು ದೇವರನ್ನು ಬಿಡಲಿಲ್ಲ. ಕೊನೆಗೆ ಏನಾಯಿತು? ಎಲ್ಲವೂ ತಿರುಗಿ ಬಂತು. ಹತ್ತು ಮಕ್ಕಳೂ ತಿರುಗಿ ಬಂದರು. ನಿನಗಿನ್ನೂ ವಯಸ್ಸಿದೆ. ದೇವರು ಮತ್ತೊಂದು ಮಗುವನ್ನು ಕೊಟ್ಟೇ ಕೊಡುತ್ತಾನೆ. ಆಗ ಈ ಕಣ್ಣೀರು ತಾನಾಗಿ ಒಣಗುತ್ತದೆ.

ಅಳಿಯಂದಿರಿಗೆ ನಮ್ಮ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಪ್ಪ

ಏಪ್ರಿಲ್ ೨

ಪ್ರೀತಿಯ ಮಗಳಿಗೆ,

ನಿನ್ನಿಂದ ಕಾಗದವಿಲ್ಲ. ಅಂಚೆಯವನು ನಮ್ಮ ಬಾಗಿಲು ದಾಟುವಾಗ ಈಗೀಗ ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದಾನೆ. ನಿನ್ನಮ್ಮ ಫೋನು ಮಾಡಿದರೆ "ಚೆನ್ನಾಗಿದ್ದೀನಿ ಅಮ್ಮಾ" ಎಂದು ಇಟ್ಟುಬಿಡುತ್ತೀಯಂತೆ. ನಾನು ಮಾಡಿದರೆ ಎತ್ತುವುದೇ ಇಲ್ಲ.

ಇಲ್ಲಿ ಎಲ್ಲ ಕ್ಷೇಮ. ಸಂಡೇ ಸ್ಕೂಲಿಗೆ ಈ ವರ್ಷ ಹೊಸ ಮಕ್ಕಳು ಸೇರಿದ್ದಾರೆ. ಅವರಲ್ಲಿ ಒಬ್ಬಳಿಗೆ ಮುಂದಿನ ಹಲ್ಲುಗಳೆಲ್ಲ ಬಿದ್ದಿವೆ, ಬೊಕ್ಕಿ ಎಂದೇ ಎಲ್ಲರೂ ಕರೆಯುವುದು. ಪ್ರಶ್ನೆ ಕೇಳದೆ ಅವಳು ಬೆಂಚಿನಿಂದ ಏಳುವುದಿಲ್ಲ. ನಿನ್ನದೇ ಅಚ್ಚು.

ದುಃಖದಲ್ಲಿ ಪ್ರಾರ್ಥನೆ ಬಿಡಬೇಡ. ಒಂದು ಸಾಲು ಬರೆ.

ನಿನ್ನ ಅಪ್ಪ

(ಅಮ್ಮ ಬರೆಯೋದು: ಪುಟ್ಟಿ, ಇವರು ಮೊದಲನೇ ಕಾಗದದಲ್ಲಿ ಏನು ಬರೆದರು ಅಂತ ನನಗೆ ತೋರಿಸಲೇ ಇಲ್ಲ. ಕೇಳಿದರೆ ಸಮಾಧಾನ ಬರೆದೆ ಅಂತಾರೆ. ಇವರ ಸಮಾಧಾನ ನನಗೆ ಗೊತ್ತಿಲ್ಲವೇ?)

ಮೇ ೧೯

ಅಪ್ಪಾ,

ನಿನ್ನ ಮೊದಲ ಪತ್ರವನ್ನು ಪಾರ್ಸೆಲ್ ಆಫೀಸಿನಲ್ಲಿ, ತೂಕದ ಯಂತ್ರದ ಪಕ್ಕ ನಿಂತೇ ಓದಿದೆ. ಓದಿ ಮಡಚಿಟ್ಟು, ಮಧ್ಯಾಹ್ನವೆಲ್ಲ ಬೇರೆಯವರ ಪೆಟ್ಟಿಗೆಗಳನ್ನು ತೂಗಿದೆ. ಉತ್ತರ ಬರೆದರೆ ಕೆಟ್ಟದ್ದೇ ಬರೆಯುತ್ತೇನೆಂದು ಸುಮ್ಮನಿದ್ದೆ. ಈಗಲೂ ಒಳ್ಳೆಯದೇನೂ ಬರೆಯುತ್ತಿಲ್ಲ.

ಹತ್ತು ಮಕ್ಕಳೂ ತಿರುಗಿ ಬಂದರು ಎಂದಿದ್ದೀಯ. ನಾನೂ ಹಾಗೇ ನಂಬಿದ್ದೆ. ಚಿಕ್ಕವಳಿದ್ದಾಗ ಮುಂದಿನ ಬೆಂಚಿನಲ್ಲಿ ಕೂತು ನಾನು ಕಣ್ಣಾರೆ ನೋಡಿದ್ದು ಅದನ್ನೇ. ಬಿರುಗಾಳಿ ಬಂತು ಎಂದು ನೀನು ಬಾಯಲ್ಲಿ ಹುಯ್ಯೆಂದು ಸದ್ದು ಮಾಡಿ, ಹತ್ತು ಬೊಂಬೆಗಳನ್ನು ಹಲಗೆಯಿಂದ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಕಥೆಯ ಕೊನೆಗೆ ಅದೇ ಜೇಬಿನಿಂದ ಅದೇ ಹತ್ತನ್ನು ತೆಗೆದು ಒಂದೊಂದಾಗಿ ಅಂಟಿಸುತ್ತಿದ್ದೆ. ಕೆಂಪು ಅಂಗಿಯ ದೊಡ್ಡಣ್ಣ. ಒಂದು ಕಾಲು ಗಿಡ್ಡವಾದವನು, ನಾನೇ ಕತ್ತರಿಸಿ ಕೆಡಿಸಿದ್ದು. ಬೂದು ಬಟ್ಟೆಯ ಪುಟ್ಟ ತಂಗಿ. ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ಹೋದವರು ವಾಪಸು ಬಂದರಲ್ಲ!

ಅವಳು ಹೋದ ಮೇಲೆ ಸತ್ಯವೇದ ತೆಗೆದು ಆ ಕಥೆಯನ್ನು ನಾನೇ ಪೂರ್ತಿ ಓದಿದೆ. ಬಂದವರು ಬೇರೆಯವರು, ಅಪ್ಪಾ. ಬೇರೆ ಹತ್ತು ಜನ. ಹೊಸ ಹೆಣ್ಣುಮಕ್ಕಳ ಹೆಸರು ಬರೆದಿದ್ದಾರೆ, ಎಷ್ಟು ಚೆಲುವೆಯರಿದ್ದರು ಅಂತಲೂ ಬರೆದಿದ್ದಾರೆ. ಮೊದಲ ಹತ್ತರಲ್ಲಿ ಒಬ್ಬರ ಹೆಸರೂ ಇಲ್ಲ. ಮನೆ ಬಿತ್ತು, ಸತ್ತರು, ಅಷ್ಟೇ. ನೀನು ಅದನ್ನು ಎಷ್ಟು ಸಲ ಓದಿಲ್ಲ! ಗೊತ್ತಿದ್ದೂ ಅವರನ್ನೇ ಅಂಟಿಸುತ್ತಿದ್ದೆಯಾ?

ಇನ್ನೊಂದು. ನಿನ್ನ ಪತ್ರದಲ್ಲೂ ಹೆಸರಿಲ್ಲ. ಮಗು, ಮಗು ಎಂದು ಬರೆದಿದ್ದೀಯ. ಅವಳು ಅತ್ತರೆ ಶ್ರುತಿ ತಪ್ಪಿದ ಪಿಟೀಲಿನ ಹಾಗೆ ಕೇಳುತ್ತದೆ ಎಂದು "ಪಿಟೀಲು" ಅಂತ ಅಡ್ಡಹೆಸರು ಇಟ್ಟವನು ನೀನೇ. ನಾವೂ ಹಾಗೇ ಕರೆದೆವು. ಅದನ್ನು ಬರೆಯಲು ನಿನಗೆ ಆಗಲಿಲ್ಲವೇ? ಪಿಟೀಲಿನ ಬದಲಿಗೆ ಇನ್ನೊಂದು ಬರುತ್ತದೆ ಎಂದು ಬರೆದರೆ ಕೇಳುವುದಕ್ಕೆ ಚೆನ್ನಾಗಿರುವುದಿಲ್ಲ, ಅದಕ್ಕೇ ತಾನೇ?

ನನಗೆ ಯೋಬನ ಕಥೆ ಇನ್ನು ಬರೆಯಬೇಡ.

ನಿನ್ನ ಮಗಳು

ಮೇ ೨೮

ಮಗಳೇ,

ನಿನ್ನ ಪತ್ರ ಬಂತು. ಯೋಬನ ಕಥೆ ಬರೆಯಬೇಡ ಎಂದಿದ್ದೀಯ. ಈ ಒಂದು ಸಲ ಮನ್ನಿಸು, ಕೇಳಿದ್ದಕ್ಕಷ್ಟೇ ಉತ್ತರ.

ಆಗ ನನ್ನ ಬಳಿ ಇದ್ದದ್ದು ಹತ್ತೇ ಬೊಂಬೆ. ಬೇರೆ ಹತ್ತು ಮಾಡಬೇಕೆಂದು ಮೊದಲ ವರ್ಷ ಅಂದುಕೊಂಡಿದ್ದೆ. ಕೋಟಿನ ಕೆಲಸ ಹೆಚ್ಚಿತ್ತು, ಇದ್ದದ್ದನ್ನೇ ಅಂಟಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಮರುವರ್ಷ ಮಾಡಬಹುದಿತ್ತು. ಆದರೆ ಚಪ್ಪಾಳೆ ನನಗೆ ಹಿತವಾಗಿತ್ತು. ಆಮೇಲೆ ಕಥೆ ಹಾಗೇ ಇದೆ ಎಂದು ನನಗೂ ಅನ್ನಿಸತೊಡಗಿತು. ಓದುವಾಗ ಕಣ್ಣು ಆ ಸಾಲಿನ ಮೇಲೆ ಹಾದು ಹೋಗುತ್ತಿತ್ತು, ಮನಸ್ಸು ನಿಲ್ಲುತ್ತಿರಲಿಲ್ಲ.

ಪಾದ್ರಿಗಳನ್ನು ಕೇಳಿದೆ. ಅವರು ಹೇಳಿದ್ದು ಇದು: ದನ, ಕುರಿ, ಒಂಟೆ ಎಲ್ಲ ಮೊದಲಿಗಿಂತ ಎರಡರಷ್ಟು ಬಂದವು. ಮಕ್ಕಳು ಮಾತ್ರ ಎರಡರಷ್ಟಾಗಲಿಲ್ಲ, ಮತ್ತೆ ಹತ್ತೇ. ಯಾಕೆಂದರೆ ಸತ್ತ ಒಂಟೆ ಸತ್ತೇಹೋಯಿತು, ಮೊದಲ ಹತ್ತು ಮಕ್ಕಳು ದೇವರ ಬಳಿ ಇದ್ದಾರೆ, ಕೂಡಿದರೆ ಇಪ್ಪತ್ತು. ನನಗೆ ಅದು ಸರಿ ಎನಿಸಿತು. ನಿನಗೂ ಸಮಾಧಾನವಾದೀತೇನೋ.

ನಿನ್ನ ಅಪ್ಪ

(ಪುಟ್ಟಿ, ಇವರ ಮೊದಲನೇ ಕಾಗದದಲ್ಲಿ ಏನಿತ್ತು ಅಂತ ನಿನ್ನ ಕಾಗದ ಓದಿ ಗೊತ್ತಾಯ್ತು. ಎರಡು ದಿನ ಇವರ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ ಒಂದು ಮಾತು ಕೇಳಿದೆ. ರೀ, ಯೋಬನ ಹೆಂಡತಿ ಬೊಂಬೆ ಎಲ್ಲಿ? ಬಿಸ್ಕತ್ತಿನ ಡಬ್ಬಿಯಲ್ಲಿದೆ ಅಂದರು. ಯಾಕೆ? ಅವಳು ದೇವರನ್ನ ಬೈದು ಸಾಯಿ ಅಂತ ಗಂಡನಿಗೆ ಹೇಳಿದಳಲ್ಲ, ಆ ಮಾತಾದ ಮೇಲೆ ಅವಳ ಕೆಲಸ ಮುಗೀತು, ಡಬ್ಬಿಗೆ ಹಾಕ್ತೀನಿ ಅಂದರು. ಮುಗೀತಾ? ಹತ್ತು ಹೆತ್ತು ಹತ್ತನ್ನೂ ಮಣ್ಣಿಗೆ ಕೊಟ್ಟವಳು ಒಂದು ಮಾತು ಆಡಬಾರದೇ? ಮತ್ತೆ ಹತ್ತು ಹೆತ್ತದ್ದು ಯಾರು ಸ್ವಾಮಿ, ನಿಮ್ಮ ಡಬ್ಬಿಯಾ? ಇಪ್ಪತ್ತರ ಲೆಕ್ಕ ಗಂಡಸರು ಹಾಕಲಿ. ನಿನಗೆ ಹೇಗನ್ನಿಸುತ್ತೆ ಅದನ್ನ ಬರಿ.)

ಜುಲೈ ೩೦

ಅಪ್ಪಾ, ಅಮ್ಮಾ,

ಈ ಪತ್ರ ಬರೆಸಿದ್ದು ಅಮ್ಮನ ಆ ಡಬ್ಬಿಯ ಮಾತು. ಓದಿ ನಕ್ಕೆ, ನಗುತ್ತಲೇ ಅತ್ತೆ. ಇವರು ಹೆದರಿ ನೀರು ತಂದುಕೊಟ್ಟರು.

ಅಮ್ಮ ಕೇಳಿದ್ದನ್ನು ಬರೆಯುತ್ತೇನೆ. ನನಗೀಗ ಆರನೇ ತಿಂಗಳು. ನಿಮಗೆ ಹೇಳಲಿಲ್ಲ. ಹೇಳಿದರೆ ಅಪ್ಪ "ನೋಡಿದೆಯಾ, ನಾನು ಹೇಳಿರಲಿಲ್ಲವೇ" ಎನ್ನುತ್ತಾನೆಂಬ ಹೆದರಿಕೆ. ಆ ಮಾತು ಕೇಳಿದರೆ ನಾನು ಇದನ್ನು ಪ್ರೀತಿಸಲಾರೆ ಅನ್ನಿಸುತ್ತಿತ್ತು. ಪಿಟೀಲಿನ ಹಾಸಿಗೆ ಇನ್ನೂ ಎತ್ತಿಟ್ಟಿಲ್ಲ. ಅದರ ಪಕ್ಕದಲ್ಲೇ ಇನ್ನೊಬ್ಬರಿಗೆ ಜಾಗ ನೋಡುವ ಕೆಲಸ ನನ್ನದು. ಯಾವ ತಾಯಿ ಇಂಥ ಕೆಲಸ ಮಾಡುತ್ತಾಳೆ?

ಹೋದ ವಾರ ಆಫೀಸಿನಲ್ಲಿ ಒಂದು ದೊಡ್ಡ ಪೆಟ್ಟಿಗೆ ಎತ್ತಲು ಬಗ್ಗಿದಾಗ ಒಳಗಿನಿಂದ ಜೋರಾಗಿ ಒದ್ದಿತು. ನಗು ಬಂತು. ಕೌಂಟರಿನಾಚೆಯ ಹೆಂಗಸೂ ನನ್ನ ಮುಖ ನೋಡಿ ನಕ್ಕಳು. ಮರುಕ್ಷಣ ಕದ್ದು ಸಿಕ್ಕಿಬಿದ್ದವಳ ಹಾಗಾಯಿತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಪಿಟೀಲಿನ ಹತ್ತಿರ ತಪ್ಪಾಯಿತು ಎಂದೆ. ಆಮೇಲೆ ಒಳಗಿರುವುದರ ಹತ್ತಿರವೂ ತಪ್ಪಾಯಿತು ಎಂದೆ. ಅದೇನು ಮಾಡಿದೆ ಪಾಪ? ದಿನಕ್ಕೆ ಎಷ್ಟು ಸಲ ಹೀಗೆ ಇಬ್ಬರಲ್ಲೂ ಕ್ಷಮೆ ಬೇಡುತ್ತೇನೋ, ದೇವರಿಗೇ ಗೊತ್ತು. ಅವನಿಗೆ ಗೊತ್ತಿದ್ದರೆ.

ಪಾದ್ರಿಗಳ ಲೆಕ್ಕ ಸುಳ್ಳೆನ್ನುವುದಿಲ್ಲ. ಅವಳು ದೇವರ ಬಳಿ ಇದ್ದಾಳೆ ಎಂದು ನನಗೂ ಕೆಲವು ದಿನ ಅನ್ನಿಸುತ್ತದೆ, ಕೆಲವು ದಿನ ಅನ್ನಿಸುವುದಿಲ್ಲ. ಆದರೆ ಕಥೆಯ ಶುರುವಿನಲ್ಲಿ ದೇವರೂ ಸೈತಾನನೂ ಯೋಬನ ಮೇಲೆ ಪಂಥ ಕಟ್ಟುತ್ತಾರಲ್ಲ, ಆ ಪಂಥಕ್ಕೆ ಹತ್ತು ಮಕ್ಕಳು ಯಾಕೆ ಬೇಕಿತ್ತು? ಕೊನೆಗೆ ದೇವರು ಬಿರುಗಾಳಿಯೊಳಗಿಂದ ಬಂದು ಅಷ್ಟೊಂದು ಮಾತಾಡುತ್ತಾನೆ. ಭೂಮಿಗೆ ಅಡಿಪಾಯ ಹಾಕಿದಾಗ ನೀನೆಲ್ಲಿದ್ದೆ ಎಂದು ಕೇಳುತ್ತಾನೆ. ಪಂಥದ ವಿಷಯ ಮಾತ್ರ ಯೋಬನಿಗೆ ಹೇಳುವುದೇ ಇಲ್ಲ. ಯಾಕೆ? ಹೇಳಿದ್ದರೆ ಆ ಹೆಂಡತಿ ಏನನ್ನುತ್ತಿದ್ದಳು?

ಹೊಸ ಮಗುವನ್ನು ಮೊದಲ ಸಲ ಎತ್ತಿಕೊಂಡಾಗ ಯೋಬ ನಕ್ಕನೇ, ಅತ್ತನೇ? ನನಗೆ ಅದೊಂದು ಬೇಕಿತ್ತು. ಅದನ್ನು ಯಾರೂ ಬರೆದಿಟ್ಟಿಲ್ಲ.

ಹುಟ್ಟಿದ ಮೇಲೆ ನಿನ್ನನ್ನು ಕರೆಯುತ್ತೇನೋ ಇಲ್ಲವೋ ಗೊತ್ತಿಲ್ಲ, ಅಪ್ಪಾ. ನೀನು ತೊಟ್ಟಿಲ ಮುಂದೆ ನಿಂತು "ದೇವರು ತೆಗೆದುಕೊಂಡದ್ದನ್ನು ವಾಪಸು ಕೊಟ್ಟ" ಎಂದು ಒಂದು ಸಲ ಅಂದರೂ ನನ್ನ ಕೈಲಿ ಆಗದು. ಅಮ್ಮ ಬರಲಿ. ನಿನ್ನ ವಿಷಯ ಇನ್ನೂ ಹೇಳಲಾರೆ.

ನಿಮ್ಮ ಮಗಳು

ಸೆಪ್ಟೆಂಬರ್ ೬

ಮಗಳೇ,

ನಿನ್ನ ಪತ್ರ ಬಂದ ದಿನ ಕತ್ತರಿಯಲ್ಲಿ ಒಂದು ಒಳ್ಳೆಯ ಕೋಟನ್ನು ಕೆಡಿಸಿದೆ. ಉತ್ತರ ಬರೆಯಲು ಕೂಡಲಿಲ್ಲ. ಮೊದಲ ಸಲ ಯೋಚಿಸದೆ ಬರೆದು ಕೆಟ್ಟೆ.

ಕಥೆಯನ್ನು ನಾನೂ ಮತ್ತೆ ಓದಿದೆ, ಸಾಲುಸಾಲಿಗೂ ನಿಂತು. ಯೋಬನ ಗೆಳೆಯರು ಬಂದು ಮೊದಲು ನೆಲದ ಮೇಲೆ ಅವನ ಜೊತೆ ಸುಮ್ಮನೆ ಕೂತರು. ಅಷ್ಟು ಹೊತ್ತು ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದ ಮೇಲೆ ಕೆಟ್ಟರು. ದೇವರ ಪರವಾಗಿ ಎಲ್ಲದಕ್ಕೂ ಉತ್ತರ ಹೇಳಿದರು. ಕೊನೆಗೆ ದೇವರಿಗೆ ಸಿಟ್ಟು ಬಂದದ್ದು ಜಗಳವಾಡಿದ ಯೋಬನ ಮೇಲಲ್ಲ, ಆ ಗೆಳೆಯರ ಮೇಲೆ. ಇಷ್ಟು ವರ್ಷ ನಾನು ಯೋಬನ ಕಥೆ ಹೇಳುವವನು ಅಂದುಕೊಂಡಿದ್ದೆ. ನಾನು ಆ ಗೆಳೆಯರಲ್ಲೊಬ್ಬ. ಆ ಪತ್ರ ನಿನಗೆ ಬರೆದದ್ದಲ್ಲ ಮಗಳೇ, ನನ್ನ ಹೆದರಿಕೆಗೆ ಬರೆದದ್ದು. ಪಿಟೀಲು ಎಂದು ಬರೆಯಲು ಹೊರಟರೆ ಲೇಖನಿ ನಿಲ್ಲುತ್ತಿತ್ತು. ಅದಕ್ಕೆ ಮಗು ಎಂದು ಬರೆದು ದಾಟಿದೆ.

ಒಬ್ಬನ ಅಳತೆಗೆ ಕತ್ತರಿಸಿದ ಕೋಟನ್ನು ಇನ್ನೊಬ್ಬನಿಗೆ ತೊಡಿಸಿ ಸರಿಯಾಗಿದೆ ಎಂದು ನಾನು ಯಾವತ್ತೂ ಹೇಳಿದವನಲ್ಲ. ಯಾವ ಗಿರಾಕಿಗೂ ಮಾಡದ ಕೆಲಸವನ್ನು ನಿನಗೆ ಮಾಡಿದೆ.

ಈಗ ಹೋದ ಭಾನುವಾರದ್ದು. ಹೊಸ ಬಟ್ಟೆಯಲ್ಲಿ ಬೇರೆ ಹತ್ತು ಬೊಂಬೆ ಕತ್ತರಿಸಿದ್ದೆ. ಹಲಗೆಯ ಎಡತುದಿಗೆ ಕಪ್ಪು ಬಟ್ಟೆಯ ಪಟ್ಟಿ ಹೊಲಿದಿದ್ದೆ. ಬಿರುಗಾಳಿ ಬಂದಾಗ ಮೊದಲ ಹತ್ತನ್ನು ಜೇಬಿಗೆ ಹಾಕಲಿಲ್ಲ, ಆ ಪಟ್ಟಿಯ ಮೇಲೆ ಸಾಲಾಗಿ ಅಂಟಿಸಿದೆ. ಹೆಂಡತಿಯನ್ನು ಡಬ್ಬಿಗೆ ಹಾಕಲಿಲ್ಲ. ನಿನ್ನಮ್ಮ ಮುಂದಿನ ಬೆಂಚಿನಲ್ಲೇ ಕಾವಲು ಕೂತಿದ್ದಳು. ಕೊನೆಗೆ ಹೊಸ ಹತ್ತನ್ನು ತೆಗೆದೆ. ಬೊಕ್ಕಿ ಎದ್ದು ನಿಂತಳು.

"ತಾತ, ಮೋಸ! ಇವರ‍್ಯಾರು? ನಮ್ಮೋರು ಅಲ್ಲಿದ್ದಾರೆ!"

ಹಿಂದಿನಿಂದ ಒಬ್ಬ ಕೂಗಿದ, "ಹೋದ ವರ್ಷ ಅವರೇ ವಾಪಸ್ ಬಂದಿದ್ರಲ್ಲ?"

"ಹೋದ ವರ್ಷ ನಾನು ತಪ್ಪು ಹೇಳಿದೆ ಕಣಪ್ಪಾ. ಇವರು ಬೇರೆ ಮಕ್ಕಳು."

"ಹಾಗಾದ್ರೆ ಮೊದಲಿನವರು ಯಾವಾಗ ಬರ್ತಾರೆ?"

"ಈ ಕಥೆಯಲ್ಲಿ ಬರಲ್ಲ."

"ಅವರೇನು ತಪ್ಪು ಮಾಡಿದ್ರು?"

"ಏನೂ ಮಾಡಿರಲಿಲ್ಲ."

"ಮತ್ತೆ ದೇವರು ಯಾಕೆ ಬಿಟ್ಟ?"

ನನ್ನ ನಾಲಗೆಯ ತುದಿಯಲ್ಲಿ ಉತ್ತರಗಳು ಸಾಲುಗಟ್ಟಿ ನಿಂತಿದ್ದವು, ಮಗಳೇ. ಎಷ್ಟು ವರ್ಷದ ಅಭ್ಯಾಸ! ಎಲ್ಲವನ್ನೂ ನುಂಗಿಕೊಂಡೆ. "ಗೊತ್ತಿಲ್ಲ ಮರಿ," ಅಂದೆ.

"ತಾತಂಗೇ ಗೊತ್ತಿಲ್ವಂತೆ!" ಎಂದು ಬೊಕ್ಕಿ ಪಕ್ಕದವಳಿಗೆ ಹೇಳಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬೊಬ್ಬರೇ ಹಲಗೆಯ ಹತ್ತಿರ ಬಂದು ಕಪ್ಪು ಪಟ್ಟಿಯ ಮೇಲಿದ್ದವರನ್ನು ಬೆರಳಿನಿಂದ ಮುಟ್ಟಿ ನೋಡಿ ಹೋದರು.

ಬಾಗಿಲಲ್ಲಿ ಪಾದ್ರಿಗಳು ನಿಂತಿದ್ದರು. "ಗೊತ್ತಿಲ್ಲ ಅಂತ ಹೇಳಿ ಕಳಿಸಿದ್ರೆ ಇವರ ಅಪ್ಪ ಅಮ್ಮ ನಾಳೆ ನನ್ನ ಹತ್ರ ಬರ್ತಾರಲ್ರೀ," ಎಂದರು.

"ಬಂದ್ರೆ ನೀವೂ ಗೊತ್ತಿಲ್ಲ ಅನ್ನಿ ಅಯ್ಯನೋರೇ," ಎಂದಳು ನಿನ್ನಮ್ಮ.

ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಬೊಂಬೆಗಳನ್ನು ಡಬ್ಬಿಗೆ ತುಂಬಲು ನನಗೆ ಸಹಾಯ ಮಾಡುತ್ತ, "ನನಗೂ ಗೊತ್ತಿಲ್ಲ. ಪೀಠದ ಮೇಲೆ ನಿಂತು ಹೇಳೋಕೆ ಧೈರ್ಯ ಇಲ್ಲ ಅಷ್ಟೇ," ಎಂದರು ಮೆಲ್ಲಗೆ.

ನಿನ್ನ ಪ್ರಶ್ನೆಗಳಿಗೂ ನನ್ನ ಬಳಿ ಅದೇ ಉತ್ತರ. ಆದರೂ ಪ್ರಾರ್ಥನೆ ಬಿಟ್ಟಿಲ್ಲ. ಮೊದಲು ಬೇಡುತ್ತಿದ್ದೆ, ಈಗ ಹೆಚ್ಚಾಗಿ ಸುಮ್ಮನೆ ಕೂರುತ್ತೇನೆ. ನನ್ನನ್ನು ಕರೆ ಎಂದು ಕೇಳುವುದಿಲ್ಲ. ಕೇಳುವ ಮುಖ ನನಗಿಲ್ಲ. ಪಿಟೀಲಿನ ಕೋಟು ಮೊಳೆಯ ಮೇಲೇ ಇದೆ. ಅದು ಅವಳದು.

ನಿನ್ನ ಅಪ್ಪ

(ಪುಟ್ಟಿ, ಇವರು ಬರೆದದ್ದು ನಿಜ. ನಾನು ಅಲ್ಲೇ ಇದ್ದೆ.)

ನವೆಂಬರ್ ೮

ಅಪ್ಪಾ,

ಅಮ್ಮ ಫೋನಿನಲ್ಲಿ ಕೇಳಿ ನಿನಗೆ ಹೇಳಿರುತ್ತಾಳೆ. ಗಂಡುಮಗು. ಇಬ್ಬರೂ ಕ್ಷೇಮ. ಇವನ ಅಳು ಪಿಟೀಲಲ್ಲ, ತುಕ್ಕು ಹಿಡಿದ ಕದ ತೆರೆದ ಹಾಗೆ. ಪಕ್ಕದ ಹಾಸಿಗೆಯವಳು ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದಳು.

ದಾದಿ ಇವನನ್ನು ನನ್ನ ಎದೆಯ ಮೇಲೆ ಇಟ್ಟಾಗ ಏನಾಯಿತೆಂದು ಬರೆಯುತ್ತೇನೆ, ಯಾರೂ ಬರೆದಿಟ್ಟಿಲ್ಲವೆಂದು ನಾನೇ ದೂರಿದ್ದೆನಲ್ಲ. ಮೊದಲು ಅಳು ಬಂತು, ಪಿಟೀಲಿಗಾಗಿ. ಅದು ನಿಲ್ಲುವ ಮುಂಚೆಯೇ ನಗು ಬಂತು, ಇವನಿಗಾಗಿ. ಒಂದು ಇನ್ನೊಂದನ್ನು ಒರೆಸಲಿಲ್ಲ. ನಕ್ಕಾಗಲೆಲ್ಲ ಈಗಲೂ ಎದೆಯಲ್ಲಿ ಚುಳ್ಳೆನ್ನುತ್ತದೆ. ಅದು ಹೋಗಲಿ ಎಂದು ಬೇಡುವುದನ್ನು ಬಿಟ್ಟಿದ್ದೇನೆ. ಇದ್ದರೆ ಇರಲಿ.

ಎಷ್ಟೋ ತಿಂಗಳ ಮೇಲೆ ದೇವರ ಜೊತೆ ಮಾತಾಡಿದೆ. ಒಳ್ಳೆಯ ಮಾತೇನಲ್ಲ, ಜಗಳ. ಜಗಳವಾಡಿದವನ ಮೇಲೆ ಅವನಿಗೆ ಸಿಟ್ಟು ಬರಲಿಲ್ಲವೆಂದು ನೀನೇ ಬರೆದಿದ್ದೀಯ.

ಬಾ ಅಪ್ಪಾ. ಅಮ್ಮನ ಜೊತೆ ಬಾ. ಅಳತೆಯ ಟೇಪು ತಾ, ಇವನ ಅಳತೆ ಹೊಸದಾಗಿ ತೆಗೆದುಕೋ. ಅಡ್ಡಹೆಸರು ಇಡುವುದೂ ನಿನ್ನದೇ ಕೆಲಸ. ಪಿಟೀಲಿನ ಕೋಟನ್ನೂ ತಾ, ಗುಂಡಿ ಹಾಕಬೇಡ, ಹಾಗೇ ತಾ. ಅವಳ ಹಾಸಿಗೆಯ ಮೇಲಿಡುತ್ತೇನೆ.

ಬಂದು ಸುಮ್ಮನೆ ನಮ್ಮ ಜೊತೆ ಕೂತರೆ ಸಾಕು.

ನಿನ್ನ ಮಗಳು

ದರ್ಜಿಯ ಹೆಂಡತಿ ಕೊನೆಯ ಕಾಗದವನ್ನು ಮಡಚಿ ಕೈಚೀಲಕ್ಕೆ ಹಾಕಿದರು. ಬೊಕ್ಕಿಗೆ ಆ ಹೊತ್ತಿಗೆ ಹೊಸ ಹಲ್ಲು ಅರ್ಧ ಬಂದಿತ್ತು, ಹೆಸರು ಮಾತ್ರ ಹಳೆಯದೇ ಉಳಿದಿತ್ತು. ಅವಳು ಹಲಗೆಯ ಕಪ್ಪು ಪಟ್ಟಿಯ ಮೇಲಿದ್ದ ಬೊಂಬೆಗಳನ್ನು ತೋರಿಸಿ, "ಅಜ್ಜಿ, ಪಿಟೀಲು ಇವರಲ್ಲಿ ಯಾರು?" ಎಂದು ಕೇಳಿದಳು.

"ಇವರಲ್ಲಿ ಯಾರೂ ಅಲ್ಲ ಕಣೇ. ಅವಳು ಯೋಬನ ಮಗಳಲ್ಲ, ನಮ್ಮ ಮೊಮ್ಮಗಳು."

ಮೂಲೆಯ ಬೆಂಚಿನಲ್ಲಿ ದರ್ಜಿ ಕೊರಳಿನ ಬಟ್ಟೆಯಿಂದ ಕಣ್ಣು ಒರೆಸಿಕೊಂಡರು. ಮಕ್ಕಳು ಎಂದಿನಂತೆ ಬಾಗಿಲಿಗೆ ಮುಗಿಬೀಳದೆ ಹೊರಟುಹೋದರು.

ಮರುದಿನ ಬೆಳಿಗ್ಗೆ ದರ್ಜಿ ಅಂಗಡಿಯ ಬಾಗಿಲು ತೆಗೆಯುವಾಗಲೇ ಮಕ್ಕಳು ಶಾಲೆಯ ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. "ತಾತ, ಬೊಂಬೆ ಡಬ್ಬಿ ಕೊಡಿ. ಗುರುತು ಹಾಕೋ ಸೀಮೆಸುಣ್ಣ ಕೊಡಿ, ಬಿಳೀದು," ಎಂದಳು ಬೊಕ್ಕಿ. ದರ್ಜಿ ಎರಡನ್ನೂ ತೆಗೆದುಕೊಟ್ಟರು. ಮಕ್ಕಳು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮೊದಲ ಹತ್ತು ಬೊಂಬೆಗಳನ್ನು ಬೋರಲು ಮಲಗಿಸಿ, ಒಬ್ಬೊಬ್ಬರ ಬೆನ್ನಿಗೂ ಹೆಸರು ಬರೆಯತೊಡಗಿದರು. ಕೆಂಪು ಅಂಗಿಯವನ ಹೆಸರಿಗೆ ದೊಡ್ಡ ಜಗಳವೇ ಆಯಿತು. ಗಿಡ್ಡ ಕಾಲಿನವನಿಗೆ ತಮ್ಮ ಹೆಸರೇ ಇರಲಿ ಎಂದು ಇಬ್ಬರು ಕಿತ್ತಾಡಿದರು. ಶಾಲೆಯ ಗಂಟೆ ಹೊಡೆಯಿತು, ಎಲ್ಲರೂ ಎದ್ದು ಓಡಿದರು.

ದರ್ಜಿ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಎತ್ತಿ ಓದಿದರು. ಬೂದು ಬಟ್ಟೆಯ ಪುಟ್ಟ ತಂಗಿಯ ಬೆನ್ನ ಮೇಲೆ ಹೆಸರಿರಲಿಲ್ಲ. ಅಲ್ಲಿ ಒಂದು ಪಿಟೀಲಿನ ಚಿತ್ರವಿತ್ತು. ಬೆನ್ನು ಸಾಲದೆ ಕಮಾನು ಅವಳ ತೋಳಿನವರೆಗೂ ಚಾಚಿತ್ತು.

ಸೀಮೆಸುಣ್ಣದ ಗೆರೆ ಉಳಿಯುವಂಥದ್ದಲ್ಲ, ಸಂಜೆಯೊಳಗೆ ಉದುರಿಹೋಗುತ್ತದೆ. ದರ್ಜಿ ಕುರ್ಚಿಯನ್ನು ಬಾಗಿಲ ಬೆಳಕಿಗೆ ಎಳೆದುಕೊಂಡು ಕೂತರು. ಹಳದಿ ಕೋಟಿಗೆಂದು ತಂದು ಮಿಕ್ಕಿದ್ದ ದಾರವನ್ನು ಸೂಜಿಗೆ ಪೋಣಿಸಿ, ಆ ಗೆರೆಯ ಗುಂಟ ಹೊಲಿಯತೊಡಗಿದರು.